ಗಂಡ ಎಲ್ಲಿ ಅಂತ ಕೇಳೋ ಕಾಗದ

ಒಬ್ಬಳೇ ನಿಂತು ಮಕ್ಕಳನ್ನ ಸಾಕೋ ತಾಯಂದಿರು ನಮ್ಮ ಗೊಟ್ಟಿಗೆರೆಗೆ ಹೊಸಬರಲ್ಲ ಕಣ್ರೀ. ಇದು ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದಾಗಲೂ ಇದ್ರು, 2007ರಲ್ಲಿ ಬಿಬಿಎಂಪಿಗೆ ಸೇರಿದ ಮೇಲೂ ಇದಾರೆ. ಸರ್ಕಾರ ಅವರನ್ನ ನೋಡೋ ರೀತಿ ಮಾತ್ರ ನಿಧಾನವಾಗಿ, ಒಂದೊಂದೇ ಕಾಗದದಲ್ಲಿ ಬದಲಾಗಿದೆ.

ಹಿಂದೆ ಊರಿನ ಲೆಕ್ಕಪತ್ರ ಶಾನುಭೋಗರ ಕೈಲಿತ್ತು, ಅಪ್ಪನ ಕೆಲಸ ಮಗನಿಗೆ. 1961ರ ಕಾಯಿದೆ ಆ ಪದ್ಧತಿ ತೆಗೀತು, ಸಂಬಳದ ಗ್ರಾಮಲೆಕ್ಕಿಗರು ಬಂದ್ರು. 1984ರಲ್ಲಿ ನಿರ್ಗತಿಕ ವಿಧವಾ ವೇತನ ಶುರುವಾದಾಗ, ಅರ್ಜಿ ಹಾಕಿದವಳ ಬಗ್ಗೆ ವಿಚಾರಿಸಿ ವರದಿ ಕೊಡೋ ಕೆಲಸ ಕಂದಾಯದವರ ಪಾಲಿಗೆ ಬಂತು. ಗಂಡನ ಮರಣಪತ್ರ ಬೇಕು, ಬಡತನ ತೋರಿಸ್ಬೇಕು, ಮರುಮದುವೆ ಆದ್ರೆ ವೇತನ ನಿಲ್ಲುತ್ತೆ. ಹೀಗಾಗಿ ಹೆಂಗಸಿನ ಬದುಕಿನ ಲೆಕ್ಕ ಅಕ್ಕಪಕ್ಕದ ಮನೆ ಬಾಗಿಲಲ್ಲೂ ನಡೆಯೋಕೆ ಶುರುವಾಯ್ತು.

ಈ ವೇತನ 2021ರಲ್ಲಿ 600 ರೂಪಾಯಿಂದ 800ಕ್ಕೆ ಏರಿತು. ವರಮಾನದ ಮಿತಿ ವರ್ಷಕ್ಕೆ 32 ಸಾವಿರ. ತಿಂಗಳಿಗೆ ಹಾಕಿದ್ರೆ 2,700 ಕೂಡ ಆಗಲ್ಲ. ಗಾರ್ಮೆಂಟ್ಸ್‌ಗೆ ಹೋಗೋ ತಾಯಿ ಸಂಬಳ ತೋರಿಸಿದ್ರೆ ಅಲ್ಲಿಗೇ ಮುಗೀತು.

ವಿಚ್ಛೇದನ ಆದವರಿಗೆ, ಮದುವೆಯಾಗದೇ ಇರೋರಿಗೆ ಅಂತ ಮನಸ್ವಿನಿ ಯೋಜನೆ ಬಂದಿದ್ದು 2013ರಲ್ಲಿ, ವಿಧವಾ ವೇತನ ಬಂದು 29 ವರ್ಷ ಆದ್ಮೇಲೆ. ಅದೂ 40ರಿಂದ 64 ವಯಸ್ಸಿನೋರಿಗೆ. ನೀವೇ ಯೋಚನೆ ಮಾಡಿ, ಮಗುವಿಗೆ ಹಾಲು, ಸ್ಕೂಲ್ ಫೀಸು ಅಂತ ಪರದಾಡೋದು ಇಪ್ಪತ್ತೈದು, ಮೂವತ್ತರಲ್ಲಿ. ನಲವತ್ತು ತುಂಬೋ ಹೊತ್ತಿಗೆ ಮಗ ಕಾಲೇಜಿಗೆ ಹೋಗ್ತಿರ್ತಾನೆ.

ಇನ್ನು ಗಂಡ ಹೇಳದೆ ಕೇಳದೆ ಬಿಟ್ಟು ಹೋಗಿದ್ರೆ? ಅವಳ ಹತ್ರ ಮರಣಪತ್ರವೂ ಇಲ್ಲ, ಕೋರ್ಟಿನ ಡಿಕ್ರಿಯೂ ಇಲ್ಲ. ಜೀವನಾಂಶ ಕೇಳೋಕೆ ವಿಚ್ಛೇದನ ಆಗಿರ್ಲೇಬೇಕು ಅಂತಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆದ್ರೆ ನೋಟಿಸು ಕೊಡೋಕೆ ಅವನು ಸಿಗಬೇಕಲ್ಲ!

2023ರ ಆಗಸ್ಟ್ 30ರಂದು ಮೈಸೂರಲ್ಲಿ ಶುರುವಾದ ಗೃಹಲಕ್ಷ್ಮಿ 'ಗಂಡ ಎಲ್ಲಿ' ಅಂತ ಕೇಳೋದಕ್ಕಿಂತ ಮೊದಲು 'ರೇಷನ್ ಕಾರ್ಡಲ್ಲಿ ಯಜಮಾನಿ ಯಾರು' ಅಂತ ಕೇಳ್ತು. ಇದು ದೊಡ್ಡ ಬದಲಾವಣೆನೇ. ಆದ್ರೆ ಅವಳ ಹೆಸರು ಇನ್ನೂ ಅತ್ತೆ ಕಾರ್ಡಲ್ಲಿದ್ರೆ ಆ 2,000 ಅತ್ತೆ ಖಾತೆಗೆ ಹೋಗುತ್ತೆ. ತವರಿಗೆ ಬಂದು ಅಮ್ಮನ ಕಾರ್ಡಿಗೆ ಸೇರಿದ್ರೆ ಅಮ್ಮನಿಗೆ. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ ನೋಡಿ.

ಅದಕ್ಕೇ ಮಗಳೋ ತಂಗಿಯೋ ಮಕ್ಕಳನ್ನ ಕಟ್ಕೊಂಡು ವಾಪಸ್ ಬಂದಿದ್ರೆ, ಅವಳ ಹೆಸರು ಯಾವ ಕಾರ್ಡಲ್ಲಿದೆ ಅಂತ ಮೊದಲು ನೋಡಿ. ಇನ್ನೊಂದು ಮಾತು. ವಿಚಾರಣೆಗೆ ಬಂದೋರು ನಮ್ಮ ಬಾಗಿಲಲ್ಲಿ ನಿಂತು ಅವಳ ಬಗ್ಗೆ ಕೇಳಿದ್ರೆ, ಕಂಡಿದ್ದನ್ನಷ್ಟೇ ಹೇಳೋಣ, ನಮ್ಮ ಊಹೆ ಸೇರಿಸೋದು ಬೇಡ. ಅವಳ ಮಕ್ಕಳ ಊಟ ಆ ಒಂದು ಮಾತಿನ ಮೇಲೆ ನಿಂತಿರಬಹುದು.