ಗರಿಯಲ್ಲಿ ಉಳಿದ ಪಂಜರದ ಚರಿತ್ರೆ

ಗಿಳಿಯನ್ನು ಹಿಡಿಯುವ ಕ್ರೌರ್ಯವನ್ನು ಗಿಳಿಯ ಬಾಯಿಂದಲೇ ಹೇಳಿಸುವ ಕಾವ್ಯ ಕನ್ನಡದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಹುಟ್ಟಿತ್ತು. ಬಾಣಭಟ್ಟನ ಗದ್ಯಕಥೆಯನ್ನು ನಾಗವರ್ಮನು ಚಂಪೂ ರೂಪಕ್ಕೆ ತಂದ 'ಕರ್ಣಾಟಕ ಕಾದಂಬರಿ'ಯಲ್ಲಿ ವೈಶಂಪಾಯನನೆಂಬ ಗಿಳಿ ರಾಜಸಭೆಯಲ್ಲಿ ತನ್ನ ಪೂರ್ವವೃತ್ತಾಂತವನ್ನು ಹೇಳುತ್ತದೆ. ಮುದಿ ಬೇಡನೊಬ್ಬನು ಬೂರುಗದ ಮರವೇರಿ ಪೊಟರೆಗಳಿಗೆ ಕೈಯಿಕ್ಕಿ ಹಕ್ಕಿಗಳನ್ನು ಕೊಂದು ಕೆಳಗೆಸೆದುದೂ ತಂದೆಯ ರೆಕ್ಕೆಯಡಿ ಅಡಗಿದ್ದ ಮರಿ ಬದುಕುಳಿದುದೂ ಅದರಲ್ಲಿ ಬರುತ್ತವೆ. ಗಿಳಿ ಮಾರಾಟದ ಮೊದಲ ಹೆಜ್ಜೆ ಇಂದಿಗೂ ಆ ಪೊಟರೆಯಲ್ಲೇ ಇದೆ: ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗಿನ ಮರಿಮಾಡುವ ಕಾಲದಲ್ಲಿ, ಗರಿ ಪೂರ್ತಿ ಮೂಡುವ ಮೊದಲೇ ಮರಿಗಳನ್ನು ಎತ್ತಿ ತಂದು, ತುತ್ತು ಕೊಟ್ಟು ಬೆಳೆಸಿ ಪಂಜರಕ್ಕೆ ಹಾಕಲಾಗುತ್ತದೆ.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಆರಂಭವಾದ ಶಾಖಾ ರೈಲುಮಾರ್ಗದ ಮೇಲಿರುವ ಕೋರಮಂಡಲ್, ಕೋಲಾರದ ಚಿನ್ನದ ಗಣಿಗಳ ಸುತ್ತ ಬೆಳೆದ ವಸತಿಗಳಲ್ಲೊಂದು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರುಗಳಿಂದ ಬಂದ ಕಾರ್ಮಿಕರ ಭಾಷೆ ಮತ್ತು ನಂಬಿಕೆಗಳು ಕನ್ನಡ ಸೀಮೆಯ ಆಚರಣೆಗಳೊಡನೆ ಬೆರೆತ ಈ ಪ್ರದೇಶಕ್ಕೆ, ಎರಡೂ ಸೀಮೆಗಳಲ್ಲಿ ರೂಢಿಯಲ್ಲಿರುವ, ಪಂಜರದ ಗಿಳಿಯಿಂದ ಭವಿಷ್ಯ ಹೇಳಿಸುವ ಗಿಳಿಶಾಸ್ತ್ರ ಹೊಸದೇನಲ್ಲ. ಸಾಲಾಗಿ ಜೋಡಿಸಿಟ್ಟ ದೇವರ ಪಟಗಳ ಎಲೆಗಳಿಂದ ಒಂದನ್ನು ಕೊಕ್ಕಿನಿಂದ ಎಳೆದುಕೊಟ್ಟು, ಭತ್ತದ ಕಾಳನ್ನು ಪಡೆದು, ಗೂಡಿಗೆ ತಾನಾಗಿಯೇ ಮರಳುವ ಆ ಗಿಳಿಯ ವಿಧೇಯತೆಯ ಹಿಂದೆ ಕತ್ತರಿಸಿದ ರೆಕ್ಕೆಯಿದೆ. ಅದೇ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಗಿಳಿ ಕಾಯಿ ಕೆಡಿಸುವ ಹಕ್ಕಿ. ಮನೆಯ ಪಡಸಾಲೆಯಲ್ಲಿ ಮಾತ್ರ ಮುದ್ದಿನದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಭಾರತೀಯ ಹಕ್ಕಿಗಳ ಮಾರಾಟದ ಮೇಲೆ 1990ರ ದಶಕದ ಆರಂಭದಲ್ಲಿ ಬಂದ ನಿಷೇಧಗಳಿಂದ ಈ ಸಾಕಣೆ ಅಪರಾಧವಾಯಿತು. 2022ರ ತಿದ್ದುಪಡಿಯ ನಂತರ ದೇಶೀ ಗಿಳಿಗಳು ಕಾಯ್ದೆಯ ಎರಡನೆಯ ಅನುಸೂಚಿಗೆ ಸೇರಿದವು. ಆದರೆ ಮುಟ್ಟುಗೋಲಾದ ಗಿಳಿ ಎಲ್ಲಿಗೆ ಹೋಗಬೇಕೆಂಬುದು ಕಾನೂನಿನಿಂದಷ್ಟೇ ಬಗೆಹರಿಯುವ ವಿಷಯವಾಗಿರಲಿಲ್ಲ. ಬೆಂಗಳೂರಿನ ಕೆಂಗೇರಿಯ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯಂತಹ ವನ್ಯಜೀವಿ ಆಸ್ಪತ್ರೆಗಳು 1990ರ ದಶಕದಿಂದೀಚೆಗೆ ರೂಪುಗೊಂಡದ್ದು ಇಂತಹ ಪ್ರಾಣಿಪಕ್ಷಿಗಳ ಆರೈಕೆಗಾಗಿಯೇ.

ಗಿಳಿಗಳ ಆರೈಕೆಯನ್ನು ಬಹಳ ಕಠಿಣವಾಗಿಸಿದ್ದು ಕೊಕ್ಕು ಮತ್ತು ಗರಿಯ ರೋಗ. ಸರ್ಕೋವೈರಸ್ ಗುಂಪಿಗೆ ಸೇರಿದ ಇದರ ವೈರಾಣು ತೀರ ಚಿಕ್ಕದು. ಅದರ ಇಡೀ ಆನುವಂಶಿಕ ಬರಹ ಸುಮಾರು 2,000 ಅಕ್ಷರಗಳಲ್ಲಿ ಮುಗಿಯುತ್ತದೆ. ಗರಿ ಹುಟ್ಟುವ ಕೋಶಗಳನ್ನೂ ಎಳೆಯ ಹಕ್ಕಿಗಳಲ್ಲಿ ರೋಗನಿರೋಧಕ ಶಕ್ತಿ ರೂಪಿಸುವ ಅಂಗವನ್ನೂ ಅದು ಹಾಳುಮಾಡುವುದರಿಂದ ಹಕ್ಕಿ ಬೋಳಾಗುವುದಷ್ಟೇ ಅಲ್ಲ, ಬೇರೆ ಸೋಂಕುಗಳಿಗೂ ಸುಲಭವಾಗಿ ತುತ್ತಾಗುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟಗಳಲ್ಲಿ ಗರಿಯುದುರಿದ ಕಾಡುಗಿಳಿಗಳನ್ನು 19ನೇ ಶತಮಾನದ ಕೊನೆಯಲ್ಲೇ ಜನ ಗಮನಿಸಿದ್ದರೂ, 1970ರ ದಶಕದಲ್ಲಷ್ಟೇ ಪಶುವೈದ್ಯ ರಾಸ್ ಪೆರಿ ಕಾಕಟೂಗಳಲ್ಲಿ ಈ ರೋಗವನ್ನು ವಿವರಿಸಿದರು. ವೈರಾಣುವಿನ ಗುರುತು ಸ್ಪಷ್ಟವಾದದ್ದು 1980ರ ದಶಕದ ಕೊನೆಗೆ. ಕಾಕಟೂಗಳನ್ನು ಕಾಡಿನಿಂದ ಹಿಡಿದು ಖಂಡದಿಂದ ಖಂಡಕ್ಕೆ ಸಾಗಿಸಿದ ವ್ಯಾಪಾರವೇ ರೋಗವನ್ನೂ ಹೊತ್ತೊಯ್ದಿತು. ಆ ಅರ್ಥದಲ್ಲಿ ಇದು ಪಂಜರದ ಚರಿತ್ರೆಯದೇ ಒಂದು ಭಾಗ.

ರಕ್ಷಣಾ ಕೇಂದ್ರಕ್ಕೆ ಬಂದ ಗಿಳಿಯನ್ನು ಅನುಭವಿ ಆರೈಕೆದಾರರು ಮೊದಲು ಗರಿಯಿಂದಲೇ ಪರೀಕ್ಷಿಸುತ್ತಾರೆ. ರೆಕ್ಕೆಯ ಉದ್ದ ಗರಿಗಳ ತುದಿ ಮಾತ್ರ ನೇರವಾಗಿ ತುಂಡಾಗಿದ್ದು, ಮೈಯ ಗರಿಗಳೆಲ್ಲ ಸರಿಯಾಗಿದ್ದರೆ ಅದು ಕತ್ತರಿಯ ಕೆಲಸ. ಮುಂದಿನ ಗರಿಯುದುರುವಿಕೆಯ ನಂತರ ಹೊಸ ಗರಿ ಬರುತ್ತದೆ. ಎದೆ, ತೊಡೆ ಬೋಳಾಗಿ ತಲೆ ಮಾತ್ರ ದಟ್ಟವಾಗಿದ್ದರೆ, ಕೊಕ್ಕಿಗೆ ಎಟುಕುವಷ್ಟನ್ನೂ ಒಂಟಿತನದ ಬೇಸರದಲ್ಲಿ ಹಕ್ಕಿ ತಾನೇ ಕಿತ್ತುಕೊಂಡಿರುವುದು ಸಾಮಾನ್ಯ. ತನ್ನ ಕೊಕ್ಕು ತಲುಪದ ನೆತ್ತಿಯಲ್ಲೂ ಗರಿ ಹೋಗಿದ್ದು, ಹೊಸದಾಗಿ ಮೂಡುವ ಗರಿ ತನ್ನ ಕವಚ ಬಿಚ್ಚದೆ ಉಳಿದು, ಬುಡದ ಬಳಿ ನೂಲು ಬಿಗಿದಂತೆ ಸೊರಗಿ, ದಂಟಿನೊಳಗೆ ಒಣರಕ್ತ ಕಾಣಿಸಿದರೆ ರೋಗದ ಶಂಕೆ ಬಲವಾಗುತ್ತದೆ. ಹಸಿರು ಗಿಳಿಯ ಮೈಮೇಲೆ ಅಲ್ಲಲ್ಲಿ ಮೂಡುವ ಹಳದಿ ಗರಿ ರೋಗದ ಗುರುತಾಗಿರಬಹುದು, ವರ್ಷಗಟ್ಟಲೆ ಬರಿಯ ಕಾಳು ತಿಂದ ಹಕ್ಕಿಯ ಪೋಷಣೆಯ ಕೊರತೆಯೂ ಆಗಿರಬಹುದು. ಹಾಗಾಗಿ ರಕ್ತ ಮತ್ತು ಗರಿಯಲ್ಲಿ ವೈರಾಣುವಿನ ಅಂಶವನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಿಲ್ಲದೆ ತೀರ್ಮಾನ ಹೇಳಲಾಗದು. ಲಕ್ಷಣಗಳಿಲ್ಲದ ಹಕ್ಕಿಯಲ್ಲಿ ವೈರಾಣು ಕಂಡರೆ 90 ದಿನಗಳ ನಂತರ ಮತ್ತೆ ಪರೀಕ್ಷಿಸುವುದು ವಾಡಿಕೆ, ಏಕೆಂದರೆ ಕೆಲವು ಹಕ್ಕಿಗಳು ಸೋಂಕನ್ನು ತಾವೇ ಗೆಲ್ಲುತ್ತವೆ.

ರೋಗಕ್ಕೆ ನೇರವಾದ ಮದ್ದಿಲ್ಲ. ಬೋಳಾದ ಮೈಗೆ ಬೆಚ್ಚನೆಯ ಜಾಗ, ಬಿರುಕುಬಿಟ್ಟ ಕೊಕ್ಕಿಗೆ ನೆನೆಸಿದ ಕಾಳು, ಹಣ್ಣಾದ ಸೀಬೆ, ಬೇಯಿಸಿದ ಧಾನ್ಯದಂತಹ ಮೆತ್ತನೆಯ ಆಹಾರ, ಜೊತೆಗೆ ಬರುವ ಸೋಂಕುಗಳಿಗೆ ಚಿಕಿತ್ಸೆ, ಇಷ್ಟೇ ಸಾಧ್ಯ. ಗರಿಯ ಧೂಳು, ಹಿಕ್ಕೆ, ತಾಯಿ ಕಕ್ಕಿ ಉಣಿಸುವ ತುತ್ತು ಇವುಗಳಿಂದ ವೈರಾಣು ಹರಡಿ ಪೊಟರೆಯಲ್ಲೂ ಪಂಜರದಲ್ಲೂ ದೀರ್ಘಕಾಲ ಉಳಿಯುತ್ತದೆ. ಆದ್ದರಿಂದಲೇ ಆರೋಗ್ಯವಂತ ಹಕ್ಕಿಗಳ ಕೆಲಸ ಮುಗಿಸಿದ ಮೇಲಷ್ಟೇ ರೋಗಿಗಳ ಕೋಣೆಗೆ ಹೋಗುವುದು, ಅಲ್ಲಿನ ಬಟ್ಟೆ, ಬಟ್ಟಲುಗಳನ್ನು ಹೊರಗೆ ತರದಿರುವುದು ಅನಿವಾರ್ಯ ಕ್ರಮಗಳಾಗಿವೆ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ. 1929–30ರಲ್ಲಿ ಹಲವು ದೇಶಗಳನ್ನು ಕಂಗೆಡಿಸಿದ ಗಿಳಿಜ್ವರ ಬೇರೆಯೇ ಆದ, ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ.

ಸೋಂಕಿತ ಗಿಳಿಯನ್ನು ಕಾಡಿಗೆ ಬಿಡುವುದರ ಪರಿಣಾಮ ಏನಾಗಬಹುದು ಎಂಬುದನ್ನು ಮಾರಿಷಸ್ ತೋರಿಸಿದೆ. ಅಳಿವಿನಂಚಿನಿಂದ ಪಾರಾಗುತ್ತಿದ್ದ ಅಲ್ಲಿನ ಎಕೋ ಗಿಳಿಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ರೋಗ ಹಬ್ಬಿತು. ಹೊರಗಿನಿಂದ ಬಂದು ನೆಲೆಸಿದ, ಕೋರಮಂಡಲ್‌ನ ಮರಗಳಲ್ಲೂ ಕಾಣುವ ಸಾಮಾನ್ಯ ಹಸಿರು ಗಿಳಿಯಲ್ಲೂ ಅದೇ ವೈರಾಣು ಸಿಕ್ಕಿತು. ನೂರಾರು ಸಂಖ್ಯೆಯಲ್ಲಿ ಒಂದೇ ಮರದಲ್ಲಿ ರಾತ್ರಿ ಕಳೆಯುವ, ಹಳೆಯ ಪೊಟರೆಗಳನ್ನು ಮತ್ತೆ ಬಳಸುವ ಈ ಹಕ್ಕಿಗಳ ನಡುವೆ ಪರೀಕ್ಷಿಸದ ಗಿಳಿಯನ್ನು ಹಾರಿಬಿಡುವುದು, ಬಿಟ್ಟವರ ಕರುಣೆ ಎಷ್ಟೇ ನಿಜವಾಗಿದ್ದರೂ, ಸರಿಯಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಅಕ್ರಮವಾಗಿ ಸೆರೆಯಲ್ಲಿಟ್ಟ ವನ್ಯಜೀವಿ ಸರ್ಕಾರದ ಸ್ವತ್ತಾಗಿರುವುದರಿಂದ, ಪಂಜರದಿಂದ ತೆಗೆದ ಪ್ರತಿ ಗಿಳಿಯ ಪರೀಕ್ಷೆಯ ವೆಚ್ಚವನ್ನೂ, ಸೋಂಕು ದೃಢಪಟ್ಟ ಹಕ್ಕಿಗಳನ್ನು ಕೊನೆಯವರೆಗೆ ಪ್ರತ್ಯೇಕವಾಗಿ ಸಾಕುವ ಹೊಣೆಯನ್ನೂ ಸರ್ಕಾರವೇ ಹೊರಬೇಕಾಗುತ್ತದೆ.