ಮಾತಾಡ್ಸಲಾಕ ಬಂದೀವಿ

ನಮ್ಮ ಚಿಂಚೋಳಿ ಕಡೆ ಯಾರನ್ನಾದರೂ ‘ದವಾಖಾನ್ಯಾಗ ಹಾಕ್ಯಾರ’ ಅಂತ ಸುದ್ದಿ ಬಂದರೆ, ಅದರ ಬೆನ್ನಿಗೇ ಬರುವ ಮಾತು ‘ಮಾತಾಡ್ಸಲಾಕ ಹೋಗಬೇಕು’ ಅಂತ. ಬರೀ ನೋಡೋದಲ್ಲ, ಮಾತಾಡ್ಸೋದು. ಮುಸಲ್ಮಾನರ ಮನೆಗಳಲ್ಲಿ ಇದಕ್ಕೆ ‘ಇಯಾದತ್’ ಅಂತಾರೆ. ಆರಾಮ ಇಲ್ಲದವರನ್ನು ವಿಚಾರಿಸಿಕೊಂಡು ಬರುವುದು ಅಲ್ಲಿ ಒಂದು ಕರ್ತವ್ಯ. ಹೋಗದಿದ್ದರೆ ಯಾರ ಮನೆಯಲ್ಲೂ ಸುಮ್ಮನೆ ಬಿಡುವುದಿಲ್ಲ, ‘ಸಾಯೋ ಹೊತ್ತಿಗೂ ಬರಲಿಲ್ಲ’ ಅನ್ನುವ ಮಾತು ತಲೆಮಾರುಗಟ್ಟಲೆ ಉಳಿಯುತ್ತದೆ!

ಆದರೆ ಆಸ್ಪತ್ರೆ ಬಾಗಿಲಲ್ಲಿ ಇನ್ನೊಂದು ಕಾನೂನು ಇದೆ. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಮಾತ್ರ ಮುಲಾಖಾತ್, ಒಬ್ಬ ರೋಗಿಗೆ ಒಬ್ಬರೇ. ಈ ಎರಡು ಕಾನೂನುಗಳ ಜಗಳ ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಸಂಗತಿಗಳಿವು.

ಆಸ್ಪತ್ರೆ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಬೀದರದಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (1436–1458) ಒಂದು ದವಾಖಾನೆ ಕಟ್ಟಿಸಿದ್ದ. ಔಷಧ, ಊಟದ ಖರ್ಚಿಗೆ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟಿದ್ದನೆಂದೂ, ಅಲ್ಲಿ ಹಿಂದೂ ವೈದ್ಯರು, ಮುಸ್ಲಿಂ ಹಕೀಮರು ಇಬ್ಬರೂ ಇದ್ದರೆಂದೂ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಹದಿನಾರನೇ ಶತಮಾನದ ಕೊನೆಗೆ ಮಹಮ್ಮದ್ ಕುಲಿ ಕುತುಬ್ ಷಾ ಹೈದರಾಬಾದಿನಲ್ಲಿ ದಾರುಶಿಫಾ ಕಟ್ಟಿಸಿದ. ಈಗ ಆ ಇಡೀ ಮೊಹಲ್ಲಾಕ್ಕೇ ಅದೇ ಹೆಸರು. ಆದರೂ ಬಹುಪಾಲು ಜನರ ಕಾಯಿಲೆ ಮನೆಯ ಪಡಸಾಲೆಯಲ್ಲೇ ಕಳೆಯುತ್ತಿತ್ತು. ಅಲ್ಲಿ ಬರುವವರಿಗೆ ಗಂಟೆ ಯಾರು ಗೊತ್ತು ಮಾಡಬೇಕು? ಚರಕ ಸಂಹಿತೆಯಂತೂ ಚಿಕಿತ್ಸೆಗೆ ನಾಲ್ಕು ಕಾಲು ಅನ್ನುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯ ಹತ್ತಿರ ಹಾಡು ಹೇಳುವವರು, ಕಥೆ ಹೇಳುವವರು ಇರಬೇಕು ಅಂತಲೂ ಅದರಲ್ಲಿದೆ.

ಹೊಸ ಕಾಲದ ವಾರ್ಡು ನಮಗೆ ಹೈದರಾಬಾದಿನಿಂದ ಪರಿಚಯವಾಯ್ತು. ಚಿಂಚೋಳಿ ಆಗ ನಿಜಾಮನ ರಾಜ್ಯದಲ್ಲಿತ್ತು. ಹೈದರಾಬಾದಿನ ಅಫ್ಜಲ್‌ಗಂಜ್ ಆಸ್ಪತ್ರೆ ಶುರುವಾದದ್ದು 1866ರಲ್ಲಿ. 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಮಹಾಪೂರ ಅದನ್ನು ಹಾಳುಮಾಡಿತು. ಅಲ್ಲಿದ್ದ ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಇವತ್ತಿಗೂ ಹೇಳುತ್ತಾರೆ. ಅದರ ಬದಲಿಗೆ ಬಂದದ್ದೇ 1925ರಲ್ಲಿ ಪೂರ್ತಿಯಾದ ಗುಮ್ಮಟಗಳ ಉಸ್ಮಾನಿಯಾ ಆಸ್ಪತ್ರೆ.

ಈಗ ದಾರಿ ಲೆಕ್ಕ ಹಾಕಿ. ವಾಡಿ–ಸಿಕಂದರಾಬಾದ್ ರೈಲು 1874ರಲ್ಲೇ ಬಂತು, ಆದರೆ ಅದು ಚಿಂಚೋಳಿಯನ್ನು ಮುಟ್ಟಲಿಲ್ಲ. ಬಂಡಿ ಕಟ್ಟಿ ತಾಂಡೂರಿಗೆ ಹೋಗಿ ರೈಲು ಹತ್ತಬೇಕು. ಅಷ್ಟು ದೂರ ಹೋದವರು ಒಂದು ತಾಸು ಮಾತಾಡಿಸಿ ವಾಪಸ್ ಬರುವುದು ಹೇಗೆ? ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದವರು ಅಲ್ಲೇ ಉಳಿಯಬೇಕು. ನಮ್ಮ ಕಡೆಯವರಿಗೆ ‘ಮಾತಾಡ್ಸಲಾಕ ಬಂದವರು’ ಮತ್ತು ‘ರೋಗಿ ಹತ್ತಿರ ಇರುವವರು’ ಬೇರೆ ಬೇರೆ ಅಲ್ಲ ಅನ್ನುವುದಕ್ಕೆ ಈ ದೂರವೂ ಒಂದು ಕಾರಣ.

ಹಾಗಾದರೆ ಆ ಬೋರ್ಡು? ಅದು ಯುರೋಪಿನ ವಾರ್ಡಿನ ಜೊತೆ ಬಂದದ್ದು. ಫ್ಲಾರೆನ್ಸ್ ನೈಟಿಂಗೇಲ್ ಬಯಸಿದ್ದು ಉದ್ದನೆಯ ಹಾಲ್, ಎದುರುಬದರು ಕಿಟಕಿ, ಎರಡು ಸಾಲು ಮಂಚ. ಒಂದು ತುದಿಯಲ್ಲಿ ನಿಂತ ನರ್ಸಿಗೆ ಎಲ್ಲ ರೋಗಿಗಳೂ ಕಾಣಬೇಕು. ಶುಶ್ರೂಷೆ ಬಗ್ಗೆ 1859ರಲ್ಲಿ ಬರೆದ ಪುಸ್ತಕದಲ್ಲಿ ಆಕೆ, ಬಂದು ಸುಳ್ಳು ಧೈರ್ಯ ಹೇಳುವವರನ್ನೂ, ಪುಕ್ಕಟೆ ಸಲಹೆ ಕೊಡುವವರನ್ನೂ ಚೆನ್ನಾಗಿ ಝಾಡಿಸಿದ್ದಾಳೆ. (ಪಕ್ಕದ ಮಂಚದವರಿಗೂ ಔಷಧ ಹೇಳಿ ಹೋಗುವ ನಮ್ಮ ಹಿರಿಯರು ಅವಳ ಕೈಗೆ ಸಿಗಲಿಲ್ಲ, ಪುಣ್ಯ!) ಸೋಂಕು, ಗದ್ದಲ, ರೋಗಿಯ ನಿದ್ದೆ, ಇವೆಲ್ಲ ನಿಜವಾದ ಕಾರಣಗಳೇ. ಆ ನಿಯಮದ ಹಿಂದೆ ಒಂದು ಭರವಸೆಯೂ ಇತ್ತು: ನೀವು ಹೊರಗಿರಿ, ಒಳಗೆ ನೋಡಿಕೊಳ್ಳಲು ನರ್ಸ್ ಇದ್ದಾರೆ.

ನಮ್ಮ ಸರ್ಕಾರಿ ವಾರ್ಡುಗಳಿಗೆ ಬೋರ್ಡು ಬಂತು, ಅಷ್ಟು ನರ್ಸುಗಳು ಬರಲಿಲ್ಲ. ಮಗ್ಗಲು ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಚೀಟಿ ಹಿಡಿದು ಔಷಧಕ್ಕೆ ಓಡುವುದು ಎಲ್ಲ ಮನೆಯವರ ಕೆಲಸ. ಅದೇ ಮನೆಯವರನ್ನು ರೌಂಡ್ಸಿನ ಹೊತ್ತಿಗೆ ‘ಹೊರಗ ನಡೀರಿ’ ಅಂತ ಅಟ್ಟುತ್ತಾರೆ. ಕೆಲಸಕ್ಕೆ ಬೇಕು, ಲೆಕ್ಕಕ್ಕಿಲ್ಲ.

ಬೋರ್ಡು ಹುಟ್ಟಿದ ದೇಶವೇ ಆಮೇಲೆ ಮನಸ್ಸು ಬದಲಿಸಿತು. ಅಮ್ಮನಿಂದ ದೂರವಾಗಿ ಆಸ್ಪತ್ರೆಯಲ್ಲಿ ಉಳಿದ ಎರಡು ವರ್ಷದ ಮಗುವಿನ ಬಗ್ಗೆ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಿನೆಮಾ ತೆಗೆದರು. ಮಕ್ಕಳನ್ನು ನೋಡಲು ತಂದೆತಾಯಿಗೆ ಗಂಟೆಯ ಕಟ್ಟು ಬೇಡ ಅಂತ 1959ರಲ್ಲಿ ಬ್ರಿಟನ್ನಿನ ಪ್ಲಾಟ್ ವರದಿ ಹೇಳಿತು.

ಇತ್ತ 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1963ರಲ್ಲಿ ಕಲಬುರಗಿಗೆ ಮೆಡಿಕಲ್ ಕಾಲೇಜು ಬಂತು, ರೋಗಿಗಳ ದಾರಿ ನಿಧಾನಕ್ಕೆ ಆ ಕಡೆಗೂ ತಿರುಗಿತು. ಹಾಗಂತ ಹೈದರಾಬಾದ್ ಬಿಟ್ಟುಹೋಗಲಿಲ್ಲ. 2020ರ ಮಾರ್ಚ್ 10ರಂದು, ಚಿಕಿತ್ಸೆಗಾಗಿ ಹೈದರಾಬಾದಿಗೆ ಹೋಗಿ ಕಲಬುರಗಿಗೆ ವಾಪಸ್ ಬರುತ್ತಿದ್ದ ಹಿರಿಯರೊಬ್ಬರು ದಾರಿಯಲ್ಲೇ ತೀರಿಕೊಂಡರು. ಎರಡು ದಿನದ ನಂತರ ಗೊತ್ತಾಯ್ತು, ಅದು ಕೊರೊನಾದಿಂದ ಭಾರತದಲ್ಲಾದ ಮೊದಲ ಸಾವು.

ಆಮೇಲೆ ಬಾಗಿಲು ನಿಜವಾಗಿಯೂ ಮುಚ್ಚಿತು. ಅಲ್ಲಿಯವರೆಗೆ ಬೋರ್ಡಿನ ಮೇಲಿದ್ದ ನಿಯಮ ಮೊದಲ ಸಲ ಪೂರ್ತಿ ಜಾರಿಗೆ ಬಂತು. ಹಾಗೆ ಮಾಡದೆ ವಿಧಿಯಿರಲಿಲ್ಲ ಅನ್ನುವುದೂ ಸತ್ಯ. ಆದರೆ ಮಾತಾಡಿಸುವವರಿಲ್ಲದೆ ಎಷ್ಟೋ ಜನ ಹೋದರು. ಇನ್ನೆಷ್ಟೋ ಜನರಿಗೆ ಕೊನೆಯ ಮಾತು ಯಾರೋ ಹಿಡಿದುಕೊಂಡ ಮೊಬೈಲಿನಲ್ಲಿ ಆಯ್ತು. ಹೋಗಿ ಬರುವುದು ಬರೀ ರೂಢಿಯಲ್ಲ ಅಂತ ತಿಳಿಯಲು ಅಷ್ಟು ಬೆಲೆ ಕೊಡಬೇಕಾಯ್ತು.

ಬೇರೆ ದಾರಿ ಇಲ್ಲವೆಂದಲ್ಲ. ನೂರಾ ಹೆಲ್ತ್ ಅನ್ನುವ ಸಂಸ್ಥೆ ಕರ್ನಾಟಕದ ನಾರಾಯಣ ಆಸ್ಪತ್ರೆಗಳಲ್ಲಿ ಶುರುಮಾಡಿ, ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲೂ, ರೋಗಿ ಹತ್ತಿರ ಇರುವ ಮನೆಯವರನ್ನೇ ಕೂಡಿಸಿ ಕೈ ತೊಳೆಯುವುದರಿಂದ ಹಿಡಿದು ಗಾಯ ನೋಡಿಕೊಳ್ಳುವವರೆಗೆ ಪಾಠ ಹೇಳುತ್ತದೆ. ಚರಕನ ಮೂರನೇ ಕಾಲನ್ನು ಕಡೆಗೂ ಯಾರೋ ಲೆಕ್ಕಕ್ಕೆ ತೆಗೆದುಕೊಂಡ ಹಾಗಾಯ್ತು.

ಬೋರ್ಡು ಇರಲಿ, ರೋಗಿಗೆ ನಿದ್ದೆಯೂ ಬೇಕು. ಅದರ ಕೆಳಗೆ ಇನ್ನೊಂದು ಬೋರ್ಡೂ ಬೇಕು: ದೂರದಿಂದ ಬಂದವರು ಎಲ್ಲಿ ಮಲಗಬೇಕು, ಎಲ್ಲಿ ರೊಟ್ಟಿ ಬಿಚ್ಚಬೇಕು, ಎಲ್ಲಿ ಮೈ ತೊಳೆಯಬೇಕು ಅಂತ. ಕೊಂಚಾವರಂ ಕಾಡಂಚಿನಿಂದ ಕೂಲಿ ಬಿಟ್ಟು ಬಂದವನು ಸಂಜೆ ಮುಲಾಖಾತ್ ಮುಗಿಸಿ ಮನೆಗೆ ಹೋಗಲಾರ. ವರಾಂಡದಲ್ಲಿ ಟವೆಲ್ ಹಾಸಿ ಮಲಗಿರುವವನು ಅವನೇ.

ನಿಮ್ಮೂರ ಕಡೆ ಇದಕ್ಕೆ ಏನಂತಾರೆ? ನೋಡಿಕೊಂಡು ಬರೋದು ಅಂತಲೋ, ಮಾತಾಡಿಸಿಕೊಂಡು ಬರೋದು ಅಂತಲೋ? ತಿಳಿಸಿ.