ರಾಜ್ಯಪಾಲರಿಗೆ ನಾವು ಓಟು ಹಾಕಿದ್ದು ಯಾವಾಗ?

ಮೊನ್ನೆ ಅಡಿಕೆ ಸುಲಿಯೋ ಹೊತ್ತಿಗೆ ಒಂದು ಮಾತು ಬಂತು. 1956ರಲ್ಲಿ ಹೊಸ ರಾಜ್ಯ ಆದಾಗ ಮೈಸೂರು ಮಹಾರಾಜರನ್ನ ಜನರೇ ಓಟು ಹಾಕಿ ಮೊದಲ ರಾಜ್ಯಪಾಲರನ್ನಾಗಿ ಮಾಡಿದ್ರು ಅಂತ ಒಬ್ರು ಗಟ್ಟಿಯಾಗೇ ಹೇಳಿದ್ರು. ಹಾಗಲ್ಲ ಮಾರಾಯ್ರೆ. ರಾಜ್ಯಪಾಲರ ಹುದ್ದೆಗೆ ನಮ್ಮಲ್ಲಿ ಜನ ಯಾವತ್ತೂ ಓಟು ಹಾಕಿಲ್ಲ.

ಆದರೆ ಹಾಕುವ ಹಾಗೆ ಆಗುವುದರಲ್ಲಿತ್ತು. 1947ರಲ್ಲಿ ಸರ್ದಾರ್ ಪಟೇಲರ ಸಮಿತಿ, ಗವರ್ನರನ್ನು ಜನರೇ ನೇರವಾಗಿ ಆರಿಸಬೇಕು ಅಂದಿತ್ತು. ಸಂವಿಧಾನ ಸಭೆ ಒಪ್ಪಿಯೂ ಇತ್ತು. 1949ರ ಮೇ ಕೊನೆಯಲ್ಲಿ ಅದೇ ಸಭೆ ಅದನ್ನು ಕೈಬಿಟ್ಟಿತು. ಮುಖ್ಯಮಂತ್ರಿ ಹಿಂದೆಯೂ ಜನರ ಬಲ, ಗವರ್ನರ್ ಹಿಂದೆಯೂ ಜನರ ಬಲ ಅಂದ್ರೆ ಜಗಳ ತಪ್ಪಲ್ಲ ಅನ್ನೋದು ಮುಖ್ಯ ಕಾರಣ. ಒಂದೇ ತೋಟಕ್ಕೆ ಇಬ್ಬರು ಯಜಮಾನರು ಇದ್ದರೆ ಕೊನೆ ಕೊಯ್ಯೋದು ಯಾವಾಗ ಅಂತಲೇ ತೀರ್ಮಾನ ಆಗಲ್ಲ, ಅದು ಸರಿಯೇ. ಆದರೆ ನೇಮಕವನ್ನು ಪೂರ್ತಿ ದೆಹಲಿಗೇ ಬಿಟ್ಟಿದ್ದು ನನಗೆ ಸರಿ ಕಾಣೋದಿಲ್ಲ. ಪಂಚಾಯ್ತಿ ಅಧ್ಯಕ್ಷರನ್ನು ಸದಸ್ಯರು ಆರಿಸ್ತಾರಲ್ಲ, ಹಾಗೆ ನಮ್ಮ ಶಾಸಕರನ್ನಾದ್ರೂ ಒಂದು ಮಾತು ಕೇಳಬಹುದಿತ್ತು.

ಜಯಚಾಮರಾಜ ಒಡೆಯರು 1950ರಿಂದಲೇ ರಾಜಪ್ರಮುಖರಾಗಿದ್ದರು. 1956ರಲ್ಲಿ ಆ ಹುದ್ದೆ ರದ್ದಾಯ್ತು. ನವೆಂಬರ್ 1ಕ್ಕೆ ಅವರೇ ರಾಜ್ಯಪಾಲರು. ಹೆಸರು ಬದಲಾಯ್ತು, ಮನುಷ್ಯ ಅವರೇ.

ಬದಲಾಗಿದ್ದು ಬೇರೆ. ಅಲ್ಲಿವರೆಗೆ ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಘಟ್ಟ ಇಳಿದ್ರೆ ಕಾರ್ಕಳ ಮದ್ರಾಸು ರಾಜ್ಯಕ್ಕೆ ಸೇರಿತ್ತು. ಆವತ್ತಿನಿಂದ ಅದೂ ನಮ್ಮದು. ಧಾರವಾಡ, ಬಿಜಾಪುರದವರು ಮುಂಬೈ ಬಿಟ್ಟು ಬಂದರು, ರಾಯಚೂರು, ಬೀದರದವರು ಹೈದರಾಬಾದು ಬಿಟ್ಟು ಬಂದರು, ಕೊಡಗೂ ಸೇರಿತು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯ್ತು.

ನಮ್ಮ ಪಕ್ಕದ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು ಆಗ ಮುಖ್ಯಮಂತ್ರಿ. ಆಗಸ್ಟ್ 19ಕ್ಕೆ ಕುರ್ಚಿ ಹತ್ತಿ ಅಕ್ಟೋಬರ್ 31ಕ್ಕೆ ಇಳಿದರು. ಎರಡೂವರೆ ತಿಂಗಳೂ ಆಗಿಲ್ಲ. ದೊಡ್ಡ ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು ನಿಜಲಿಂಗಪ್ಪನವರು. ಮಲೆನಾಡಿನವನಾಗಿ ನನಗೆ ಇದು ಸ್ವಲ್ಪ ಚುರ್ ಅನ್ನುತ್ತೆ, ಸುಳ್ಳು ಯಾಕೆ ಹೇಳಲಿ.

ಜನರ ಸರದಿ ಬಂದಿದ್ದು 1957ರಲ್ಲಿ, ವಿಧಾನಸಭೆ ಚುನಾವಣೆಗೆ. ಹಳೇ ಮೈಸೂರಿನಲ್ಲಿ 99 ಸ್ಥಾನ ಇದ್ದದ್ದು 208 ಆಯ್ತು. ಕಾಂಗ್ರೆಸ್ಸಿಗೆ 150 ಬಂತು. ಬೀದರದ ರೈತ, ಕಾರ್ಕಳದ ರೈತ, ಕೊಪ್ಪದ ರೈತ ಒಂದೇ ಸಭೆಗೆ ಓಟು ಹಾಕಿದ್ದು ಅದೇ ಮೊದಲು.

ಒಡೆಯರು 1964ರವರೆಗೆ ಇದ್ದು ಮದ್ರಾಸಿಗೆ ರಾಜ್ಯಪಾಲರಾಗಿ ಹೋದರು. ಅವರ ಜಾಗಕ್ಕೆ ಸೈನ್ಯದ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶ್ ಬಂದರು. ಆಗಲೂ ನಮ್ಮನ್ನು ಯಾರೂ ಕೇಳಲಿಲ್ಲ.